ಅಡ್ಮಿನ್, ಅಡ್ಮಿನ್: ಬೀಗ ಹಾಕದ ಮನೆ ಕಂಪ್ಯೂಟರಿನ ಇಪ್ಪತ್ತು ವರ್ಷ

ತುಮಕೂರಿನಿಂದ ಶಿರಾ ಕಡೆ ಹೊರಟರೆ ಊರು ಮುಗಿಯುವ ಹೊತ್ತಿಗೆ ಅಂತರಸನಹಳ್ಳಿ ಸಿಗುತ್ತದೆ. ಕೈಗಾರಿಕಾ ಪ್ರದೇಶ, ತರಕಾರಿ ಮಾರುಕಟ್ಟೆ ಎರಡೂ ಇಲ್ಲೇ. ಬೆಳಗಿನ ಜಾವ ಟೊಮ್ಯಾಟೊ ಕ್ರೇಟು, ಕೋಸಿನ ಮೂಟೆ ಇಳಿಸುವ ಸದ್ದಿಗೆ ಈ ಊರು ಎದ್ದೇಳುತ್ತದೆ. ನಮ್ಮ ಸೋದರಮಾವನ ಮನೆ ಇಲ್ಲಿದೆ. ಮಾರುಕಟ್ಟೆಯಲ್ಲಿ ಅವರದೊಂದು ಸಣ್ಣ ಮಂಡಿ. ಬೆಳಿಗ್ಗೆ ವ್ಯಾಪಾರ, ಮಧ್ಯಾಹ್ನ ಮನೆಗೆ ಬಂದು ಊಟ ಮಾಡಿ ಹಜಾರದ ಮೂಲೆಯಲ್ಲಿರುವ ಕಂಪ್ಯೂಟರಿನಲ್ಲಿ ಲೆಕ್ಕ ಬರೆಯುವುದು ಅವರ ರೂಢಿ.

2021ರಲ್ಲಿ ಒಂದು ಮಧ್ಯಾಹ್ನ ಅವರು ಕಂಪ್ಯೂಟರ್ ಹಾಕಿದಾಗ ಒಂದು ಕಡತವೂ ತೆರೆಯಲಿಲ್ಲ. ಪ್ರತಿ ಫೈಲಿನ ಹೆಸರಿಗೂ ಅರ್ಥವಿಲ್ಲದ ಒಂದು ಬಾಲ ಅಂಟಿಕೊಂಡಿತ್ತು. ಪರದೆ ಮೇಲೆ ಇಂಗ್ಲಿಷಿನಲ್ಲಿ ಒಂದು ಪತ್ರ: ನಿಮ್ಮ ಫೈಲುಗಳಿಗೆ ಬೀಗ ಹಾಕಿದ್ದೇವೆ, ಬಿಟ್‌ಕಾಯಿನ್‌ನಲ್ಲಿ ದುಡ್ಡು ಕಳಿಸಿ.

ಮಾವ ನನಗೆ ಫೋನ್ ಮಾಡಿದರು. "ನೀನು ಪೇಪರ್‌ನೋನು, ನಿಂಗೆ ಗೊತ್ತಿರ್ತದೆ. ಆರು ವರ್ಷದ ಲೆಕ್ಕ ಕಣಪ್ಪ. ಯಾರ್ಗೆಷ್ಟು ಕೊಡ್ಬೇಕು ಅನ್ನೋದೆಲ್ಲ ಅದ್ರಾಗೇ ಐತೆ" ಅಂದರು. ದುಡ್ಡು ಹೋದದ್ದಕ್ಕಿಂತ ಹೆಚ್ಚಿನ ಭಯ ಆ ದನಿಯಲ್ಲಿತ್ತು. ಮಂಡಿಯವನಿಗೆ ಲೆಕ್ಕ ತಪ್ಪಿದರೆ ಮಾತು ತಪ್ಪಿದ ಹಾಗೆ.

ಆವತ್ತು ಅವರನ್ನು ಉಳಿಸಿದ್ದು ನಮ್ಮ ಅತ್ತೆ. ಕಂಪ್ಯೂಟರ್ ಬಂದ ಮೇಲೂ ಅವರು ರೈತರ ಬಾಕಿಯನ್ನು ಇನ್ನೂರು ಪುಟದ ನೋಟ್‌ಬುಕ್‌ನಲ್ಲಿ ಬರೆಯುವುದನ್ನು ಬಿಟ್ಟಿರಲಿಲ್ಲ. ಬಾಕಿ ಎಲ್ಲ ಸಂದಾಯವಾಯಿತು. ಆದರೆ ಇನ್ನೊಂದು ವಿಷಯ ನನಗೆ ಆಮೇಲೆ ತಿಳಿಯಿತು. ಆ ಕಂಪ್ಯೂಟರಿನಲ್ಲಿ ಲೆಕ್ಕದ ಜೊತೆಗೆ ಎಷ್ಟೋ ರೈತರ ಆಧಾರ್, ಪಾಸ್‌ಬುಕ್, ಪಹಣಿಯ ಸ್ಕ್ಯಾನ್ ಪ್ರತಿಗಳಿದ್ದವು. ಅವು ಯಾರ ಕೈ ಸೇರಿದವು ಎಂದು ಕೇಳಿದರೆ ಯಾವ ನೋಟ್‌ಬುಕ್ಕೂ ಉತ್ತರ ಕೊಡುವುದಿಲ್ಲ.

ಈ ಸ್ಥಿತಿಗೆ ನಾವು ಹೇಗೆ ಬಂದೆವು? ಸ್ವಲ್ಪ ಹಿಂದಿನಿಂದ ನೋಡೋಣ.

ಶಾನುಭೋಗರ ಕಡತ

ಹಳೇ ಮೈಸೂರು ಸೀಮೆಯಲ್ಲಿ ಊರಿನ ಲೆಕ್ಕ ಇರುತ್ತಿದ್ದದ್ದು ಶಾನುಭೋಗರ ಮನೆಯಲ್ಲಿ. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲಪುಡಿ ಬಳಿದು ಕಪ್ಪಾಗಿಸಿ, ಮಡಿಸಿ, ಬಳಪದಿಂದ ಬರೆದ ಪುಸ್ತಕಕ್ಕೆ ಕಡತ ಎಂದು ಹೆಸರು. ಇವತ್ತಿಗೂ ಕಚೇರಿ ಫೈಲಿಗೆ ನಾವು ಕಡತ ಅನ್ನುವುದು ಅದರಿಂದಲೇ. ಆ ಕಡತದ ಭದ್ರತೆ ಸರಳವಾಗಿತ್ತು. ಇರುವುದು ಒಂದೇ ಪ್ರತಿ, ಒಂದೇ ಮನೆಯಲ್ಲಿ, ಒಬ್ಬರ ಕಣ್ಣೆದುರು. ನೋಡಬೇಕಾದರೆ ಜಗಲಿಗೆ ಬಂದು ಕೂರಬೇಕು. ಆದರೆ ಆ ಒಬ್ಬರೇ ತಿದ್ದಿಬಿಟ್ಟರೆ ಕೇಳುವವರಿರಲಿಲ್ಲ. ಎಷ್ಟೋ ಹಳ್ಳಿಗಳ ಜಮೀನು ವ್ಯಾಜ್ಯಗಳ ಬೇರು ಇಲ್ಲಿದೆ.

ವಂಶಪಾರಂಪರ್ಯದ ಈ ಹುದ್ದೆಗಳನ್ನು 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ತೆಗೆದುಹಾಕಿತು. ಗ್ರಾಮ ಲೆಕ್ಕಿಗರು ಬಂದರು. ಕೈಬರಹದ ಪಹಣಿ ಮಾತ್ರ ಇನ್ನೂ ನಾಲ್ಕು ದಶಕ ಉಳಿಯಿತು. 2000ದ ಆಸುಪಾಸಿನಲ್ಲಿ ಭೂಮಿ ಯೋಜನೆ ಬಂತು. ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸಿ, ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಪಹಣಿ ಕೊಡಲು ಶುರು ಮಾಡಿದರು.

ಇದರಲ್ಲಿ ಗಮನಿಸಬೇಕಾದ ಒಂದು ವಿಷಯವಿದೆ. ಭೂಮಿ ತಂತ್ರಾಂಶದೊಳಗೆ ಹೋಗಿ ದಾಖಲೆ ಮುಟ್ಟುವ ನೌಕರ ತನ್ನ ಬೆರಳಚ್ಚು ಕೊಡಬೇಕಿತ್ತು. ಯಾರು, ಯಾವಾಗ, ಏನು ಬದಲಿಸಿದರು ಎನ್ನುವುದು ದಾಖಲಾಗುತ್ತಿತ್ತು. ಕಾಗದಕ್ಕೆ ಇದ್ದ ಬೀಗಕ್ಕಿಂತ ಗಟ್ಟಿ ಬೀಗ ಕಂಪ್ಯೂಟರಿಗೆ ಬೇಕು ಎಂದು ಸರ್ಕಾರಕ್ಕೆ ಆಗಲೇ ಹೊಳೆದಿತ್ತು. ಅದೇ ಹೊತ್ತಿಗೆ, 2001ರಲ್ಲಿ, ದೇಶದ ಮೊದಲ ಸೈಬರ್ ಅಪರಾಧ ಪೊಲೀಸ್ ಠಾಣೆ ಬೆಂಗಳೂರಿನಲ್ಲಿ ತೆರೆಯಿತು. ಈಗ ನಮ್ಮ ಜಿಲ್ಲಾ ಕೇಂದ್ರದಲ್ಲೂ ಸಿಇಎನ್ ಠಾಣೆಯಿದೆ.

ಮನೆಗಳಿಗೆ ಮಾತ್ರ ಆ ಅರಿವು ಬರಲಿಲ್ಲ.

ಪಾಸ್‌ವರ್ಡ್ ಬರೆದುಕೊಟ್ಟವರು

ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ವಿಎಸ್‌ಎನ್‌ಎಲ್ ಮೂಲಕ. ಅದು ದೊಡ್ಡ ನಗರಗಳ ಮಾತು. ನಮ್ಮಂಥವರು ಇಂಟರ್ನೆಟ್ ನೋಡಿದ್ದು ಸೈಬರ್ ಸೆಂಟರಿನಲ್ಲಿ. ಎಸ್‌ಎಸ್‌ಎಲ್‌ಸಿ ಫಲಿತಾಂಶದ ದಿನ ಸೆಂಟರ್ ಮುಂದೆ ಜಾತ್ರೆಯಷ್ಟು ಜನ ಇರುತ್ತಿದ್ದರು.

ನನ್ನ ಮೊದಲ ಇಮೇಲ್ ಖಾತೆ ತೆರೆದುಕೊಟ್ಟದ್ದು ಸೆಂಟರಿನ ಹುಡುಗ. ಪಾಸ್‌ವರ್ಡ್ ಇಟ್ಟವನೂ ಅವನೇ. ನನ್ನ ಹೆಸರು, ಮುಂದೆ 123. ಒಂದು ಚೀಟಿಯಲ್ಲಿ ಬರೆದುಕೊಟ್ಟ, ತನ್ನ ಪುಸ್ತಕದಲ್ಲೂ ಬರೆದುಕೊಂಡ. "ಮರ್ತೋದ್ರೆ ಬಂದು ಕೇಳಣ್ಣ" ಅಂದ. ಅದು ಉಪಕಾರವೇ. ಆದರೆ ನಮ್ಮ ಇಡೀ ತಲೆಮಾರು ಹೀಗೆಯೇ ಕಲಿತದ್ದು: ಪಾಸ್‌ವರ್ಡ್ ಅಂದರೆ ಬೇರೆಯವರು ಬರೆದುಕೊಡುವ ಚೀಟಿ, ನಾವೇ ಮಾಡಿಕೊಳ್ಳುವ ಕೀಲಿಕೈ ಅಲ್ಲ. ಮುಂದೆ ಮನೆಗೆ ಕಂಪ್ಯೂಟರ್ ಬಂದಾಗಲೂ ಅದೇ ಅಭ್ಯಾಸ ಬಂತು. ಅಂಗಡಿಯವನು ಬಂದು ಜೋಡಿಸಿದ, ಪರವಾನಗಿ ಇಲ್ಲದ ವಿಂಡೋಸ್ ಹಾಕಿದ, ನಿಧಾನ ಆಗುತ್ತದೆ ಎಂದು ಅಪ್‌ಡೇಟ್ ನಿಲ್ಲಿಸಿದ, ಹೋದ.

2004ರಲ್ಲಿ ಕೇಂದ್ರ ಸರ್ಕಾರ ಬ್ರಾಡ್‌ಬ್ಯಾಂಡ್ ನೀತಿ ತಂದಿತು. ಸೆಕೆಂಡಿಗೆ 256 ಕಿಲೋಬಿಟ್ ವೇಗ ಇದ್ದರೆ ಬ್ರಾಡ್‌ಬ್ಯಾಂಡ್ ಎಂದು ಕರೆದರು. 2005ರ ಜನವರಿಯಲ್ಲಿ ಬಿಎಸ್‌ಎನ್‌ಎಲ್‌ನ ಡೇಟಾಒನ್ ಸೇವೆ ಶುರುವಾಯಿತು. ಅದೇ ಟೆಲಿಫೋನ್ ವೈರು, ಅದಕ್ಕೊಂದು ಮಿಣುಕು ದೀಪಗಳ ಡಬ್ಬ. ಅದೇ ಮೋಡೆಮ್.

ಈ ಡಬ್ಬದ ವಿಷಯ ಸರಿಯಾಗಿ ತಿಳಿದುಕೊಳ್ಳಿ, ಮುಂದಿನ ಕಥೆಗೆ ಬೇಕು. ಮೋಡೆಮ್ ಕೂಡ ಒಂದು ಪುಟ್ಟ ಕಂಪ್ಯೂಟರ್. ಅದಕ್ಕೂ ಅದರದೇ ತಂತ್ರಾಂಶವಿದೆ, ಅದರದೇ ಬಳಕೆದಾರ ಹೆಸರು, ಪಾಸ್‌ವರ್ಡ್ ಇದೆ. ಇದು ನೀವು ಫೋನಿಗೆ ಹಾಕುವ ವೈಫೈ ಪಾಸ್‌ವರ್ಡ್ ಅಲ್ಲ. ಡಬ್ಬದ ಒಳಗೆ ಹೋಗಿ ಅದರ ವ್ಯವಸ್ಥೆಯನ್ನೇ ಬದಲಿಸುವ ಪಾಸ್‌ವರ್ಡ್. ಎಷ್ಟೋ ಮೋಡೆಮ್‌ಗಳಲ್ಲಿ ಕಾರ್ಖಾನೆಯಿಂದ ಬರುವಾಗ ಎರಡೂ ಒಂದೇ ಪದ: ಹೆಸರು ಅಡ್ಮಿನ್, ಪಾಸ್‌ವರ್ಡ್ ಅಡ್ಮಿನ್. ಕಂಪನಿಯವರು ಅದನ್ನು ಇಟ್ಟದ್ದು ಗ್ರಾಹಕರು ಬದಲಿಸಿಕೊಳ್ಳಲಿ ಎಂದು. ಗ್ರಾಹಕರಿಗೆ ಅಂಥದ್ದೊಂದು ಇದೆ ಎನ್ನುವುದೇ ಗೊತ್ತಿರಲಿಲ್ಲ.

2017ರ ಜುಲೈ

2016ರಲ್ಲಿ ಅಮೆರಿಕದ ಕೆಲವು ಯುವಕರು ಮಿರೈ ಎನ್ನುವ ದುಷ್ಟ ತಂತ್ರಾಂಶ ಬರೆದರು. ಅದು ಮಾಡುತ್ತಿದ್ದ ಕೆಲಸ ಇಷ್ಟೇ: ಜಗತ್ತಿನ ಮೋಡೆಮ್, ಸಿಸಿಟಿವಿ ಕ್ಯಾಮೆರಾಗಳ ಬಾಗಿಲು ತಟ್ಟಿ, ಕಾರ್ಖಾನೆಯಿಂದ ಬಂದ ಅರವತ್ತರಷ್ಟು ಹೆಸರು-ಪಾಸ್‌ವರ್ಡ್ ಜೋಡಿಗಳನ್ನು ಒಂದೊಂದಾಗಿ ಹಾಕಿ ನೋಡುವುದು. ತೆರೆದರೆ ಆ ಡಬ್ಬ ಅವರ ಆಳು. ಇಂಥ ಆಳುಗಳ ಸೈನ್ಯದಿಂದ 2016ರ ಅಕ್ಟೋಬರ್ 21ರಂದು ನಡೆದ ದಾಳಿಗೆ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳು ಅಮೆರಿಕದಲ್ಲಿ ಗಂಟೆಗಟ್ಟಲೆ ಸಿಗದೆ ಹೋದವು. ಮರುತಿಂಗಳು ಜರ್ಮನಿಯಲ್ಲಿ ಒಂದೇ ಕಂಪನಿಯ 9 ಲಕ್ಷ ಗ್ರಾಹಕರ ಸಂಪರ್ಕ ಕೆಟ್ಟಿತು.

2017ರ ಮೇ 12ರಂದು ವಾನಾಕ್ರೈ ಬಂತು. ಇದು ನಮ್ಮ ಮಾವನಿಗೆ ಆದಂಥದ್ದೇ, ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ಜಾತಿ. ವಿಂಡೋಸ್‌ನಲ್ಲಿದ್ದ ತೂತನ್ನು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಎರಡು ತಿಂಗಳ ಹಿಂದೆ ಮಾರ್ಚಿನಲ್ಲೇ ಕೊಟ್ಟಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು. ನಮ್ಮ ಪಕ್ಕದ ಆಂಧ್ರದಲ್ಲಿ ಪೊಲೀಸ್ ಇಲಾಖೆಯ ಕಂಪ್ಯೂಟರ್‌ಗಳಿಗೂ ಅದು ಬಡಿಯಿತು.

ಜುಲೈ ಕೊನೆಯ ವಾರ ಸರದಿ ನಮ್ಮದಾಯಿತು. ಬಿಎಸ್‌ಎನ್‌ಎಲ್‌ನ ಬ್ರಾಡ್‌ಬ್ಯಾಂಡ್ ಮೋಡೆಮ್‌ಗಳು ಇದ್ದಕ್ಕಿದ್ದಂತೆ ಕೆಲಸ ನಿಲ್ಲಿಸಿದವು. ಕರ್ನಾಟಕ ವೃತ್ತವೂ ಈ ಹೊಡೆತ ತಿಂದಿತು. ತೊಂದರೆಗೆ ಸಿಕ್ಕ ಮೋಡೆಮ್‌ಗಳ ಸಂಖ್ಯೆ 60,000ದಷ್ಟು ಎಂದು ಆಗ ವರದಿಯಾಯಿತು. ಮಳೆಗೆ ಲೈನ್ ಹೋಗಿರಬೇಕು ಎಂದು ಕಾಯುತ್ತಾ ಕೂರುವುದು ಲ್ಯಾಂಡ್‌ಲೈನ್ ಇದ್ದವರ ರೂಢಿ. ಆದರೆ ಆಗ ಹೋಗಿದ್ದು ಲೈನಲ್ಲ. ಬಿಎಸ್‌ಎನ್‌ಎಲ್ ವಿಷಯವನ್ನು ಮುಚ್ಚಿಡಲಿಲ್ಲ. ಇದು ದುಷ್ಟ ತಂತ್ರಾಂಶದ ದಾಳಿ, ಸಿಕ್ಕಿಬಿದ್ದದ್ದು ಅಡ್ಮಿನ್ ಪಾಸ್‌ವರ್ಡ್ ಬದಲಿಸದ ಮೋಡೆಮ್‌ಗಳು, ದಯವಿಟ್ಟು ಬದಲಿಸಿಕೊಳ್ಳಿ ಎಂದು ಗ್ರಾಹಕರಿಗೆ ಹೇಳಿತು.

ಇದನ್ನು ಮಾಡಿದ್ದು ತಾನೇ ಎಂದು ಹೇಳಿಕೊಂಡವನು ತನ್ನನ್ನು ಜಾನಿಟರ್, ಅಂದರೆ ಜಾಡಮಾಲಿ, ಎಂದು ಕರೆದುಕೊಳ್ಳುತ್ತಿದ್ದ ಅನಾಮಿಕ. ಅವನ ತಂತ್ರಾಂಶಕ್ಕೆ ಬ್ರಿಕರ್‌ಬಾಟ್ ಎಂದು ಹೆಸರು. ಡಬ್ಬವನ್ನು ಇಟ್ಟಿಗೆ ಮಾಡುವುದು ಎಂಬ ಅರ್ಥದಲ್ಲಿ. ಬೇರೆ ಕಳ್ಳರು ಡಬ್ಬವನ್ನು ಆಳು ಮಾಡಿಕೊಳ್ಳುತ್ತಿದ್ದರೆ ಇವನು ಒಳಗೆ ಹೋಗಿ ಅದರ ನೆನಪನ್ನೇ ಅಳಿಸಿ ಕೆಡಿಸುತ್ತಿದ್ದ. ಅವನ ವಾದ ವಿಚಿತ್ರವಾಗಿತ್ತು: ಬೀಗವಿಲ್ಲದ ಡಬ್ಬಗಳು ಕಳ್ಳರಿಗೆ ಆಯುಧ, ಕೆಟ್ಟುಹೋದರೆ ಯಾರಿಗೂ ಸಿಗುವುದಿಲ್ಲ. ಕಳ್ಳ ಬಂದಾನೆಂದು ಕಳ್ಳನಿಗಿಂತ ಮೊದಲೇ ಹೋಗಿ ಮನೆ ಕೆಡವಿದ ಹಾಗಾಯಿತು ಇದು. ಒಪ್ಪುವ ಮಾತಲ್ಲ. ಆದರೂ ಒಂದು ನಿಜವನ್ನು ಅವನು ತೋರಿಸಿಬಿಟ್ಟ. ಎಲ್ಲೋ ಕೂತ ಒಬ್ಬ ಮನುಷ್ಯ ಎರಡು ಪದ ಹಾಕಿ ಕರ್ನಾಟಕದ ಮನೆಗಳ ಒಳಗೆ ಬರಬಹುದಿತ್ತು. ಅವನು ಕೆಡಿಸಿದ್ದರಿಂದ ನಮಗೆ ಗೊತ್ತಾಯಿತು. ಕೆಡಿಸದೆ ಸುಮ್ಮನೆ ಒಳಗಿದ್ದು ನೋಡುವವನು ಬಂದಿದ್ದರೆ ನಮಗೆ ಗೊತ್ತಾಗುತ್ತಲೇ ಇರಲಿಲ್ಲ.

ಅದೇ ದಿನಗಳಲ್ಲಿ ದೆಹಲಿಯಲ್ಲಿ

ಇತಿಹಾಸದಲ್ಲಿ ಕೆಲವೊಮ್ಮೆ ಎರಡು ಸಂಗತಿ ಒಂದೇ ಹೊತ್ತಿಗೆ ನಡೆಯುತ್ತವೆ, ಒಂದಕ್ಕೊಂದು ಪರಿಚಯ ಇರುವುದಿಲ್ಲ. ಇಲ್ಲಿ ಮೋಡೆಮ್‌ಗಳು ಸಾಯುತ್ತಿದ್ದ ವಾರದಲ್ಲೇ ಸುಪ್ರೀಂ ಕೋರ್ಟಿನಲ್ಲಿ ಒಂಬತ್ತು ನ್ಯಾಯಮೂರ್ತಿಗಳು ಕೂತು ಒಂದು ಪ್ರಶ್ನೆ ಕೇಳುತ್ತಿದ್ದರು: ಖಾಸಗಿತನ ಭಾರತೀಯರ ಮೂಲಭೂತ ಹಕ್ಕೋ ಅಲ್ಲವೋ? ವಿಚಾರಣೆ ಜುಲೈ 19ರಿಂದ ಆಗಸ್ಟ್ 2ರವರೆಗೆ ನಡೆಯಿತು.

ಆ ಮೊಕದ್ದಮೆ ಕರ್ನಾಟಕದ್ದು. ಅರ್ಜಿ ಹಾಕಿದ್ದು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದಾಗ ಅವರ ವಯಸ್ಸು 86. ಮಾಹಿತಿ ಕಂಪನಿಗಳಿಗಿಂತ, ಸರ್ಕಾರಕ್ಕಿಂತ ಮೊದಲು ಮನುಷ್ಯನಿಗೆ ಸೇರಿದ್ದು ಎನ್ನುವ ಪ್ರಶ್ನೆಯನ್ನು ದೇಶದ ಮುಂದಿಟ್ಟದ್ದು ಆ ಅರ್ಜಿ.

ಸಂವಿಧಾನದಲ್ಲಿ ಖಾಸಗಿತನ ಮೂಲಭೂತ ಹಕ್ಕು ಎಂದು ಎಲ್ಲೂ ಇಲ್ಲ ಎಂದು ಸರ್ಕಾರ ವಾದಿಸಿತ್ತು. 1954ರ, 1962ರ ಹಳೆಯ ತೀರ್ಪುಗಳನ್ನು ಮುಂದಿಟ್ಟಿತ್ತು. 2017ರ ಆಗಸ್ಟ್ 24ರಂದು ಒಂಬತ್ತೂ ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದರು: ಖಾಸಗಿತನ ಮೂಲಭೂತ ಹಕ್ಕು. ಬದುಕುವ ಹಕ್ಕಿನೊಳಗೇ ಅದು ಸೇರಿದೆ. 2023ರಲ್ಲಿ ಬಂದ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯ ಹಿಂದೆ ಇರುವುದು ಈ ತೀರ್ಪು. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ, 98ನೇ ವಯಸ್ಸಿನಲ್ಲಿ ತೀರಿಕೊಂಡರು.

ನಮ್ಮ ಜಿಲ್ಲೆಗೆ ಈ ಕಥೆಯಲ್ಲಿ ಒಂದು ಪಾತ್ರವಿದೆ. 2010ರಲ್ಲಿ ಕರ್ನಾಟಕದಲ್ಲಿ ಆಧಾರ್ ನೋಂದಣಿಯನ್ನು ಪ್ರಾಯೋಗಿಕವಾಗಿ ಶುರು ಮಾಡಲು ಆರಿಸಿಕೊಂಡ ಜಿಲ್ಲೆಗಳು ಎರಡು, ಮೈಸೂರು ಮತ್ತು ತುಮಕೂರು. ಬೆರಳು, ಕಣ್ಣು ಮೊದಲು ಕೊಟ್ಟವರಲ್ಲಿ ನಾವಿದ್ದೇವೆ. ಸಾಲಿನಲ್ಲಿ ನಿಂತಾಗ ಇದು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದವರು ಕಡಿಮೆ. ರೇಷನ್ ಬಂದರೆ ಸಾಕಿತ್ತು.

ಬೆರಳಿಗೂ ಬಂತು ಕಳ್ಳಗೀಲಿ

ಪಾಸ್‌ವರ್ಡ್ ಕದ್ದರೆ ಬದಲಿಸಬಹುದು. ಬೆರಳಚ್ಚು ಕದ್ದರೆ? 2023ರಲ್ಲಿ ಬೆಂಗಳೂರಿನಲ್ಲಿ ದೂರುಗಳು ಬರತೊಡಗಿದವು. ಒಟಿಪಿ ಬಂದಿಲ್ಲ, ಯಾರೂ ಫೋನ್ ಮಾಡಿಲ್ಲ, ಆದರೂ ಖಾತೆಯಿಂದ ದುಡ್ಡು ಹೋಗಿದೆ. ಹಣ ಕಳೆದುಕೊಂಡ ಹಲವರು ಸ್ವಲ್ಪ ದಿನದ ಹಿಂದೆ ಆಸ್ತಿ ನೋಂದಣಿ ಮಾಡಿಸಿದ್ದವರು. ಕ್ರಯಪತ್ರದಲ್ಲಿ ಆಧಾರ್ ಸಂಖ್ಯೆಯೂ ಇತ್ತು, ಹೆಬ್ಬೆಟ್ಟಿನ ಗುರುತೂ ಇತ್ತು. ಪ್ರತಿಯಿಂದ ಬೆರಳಿನ ಅಚ್ಚು ತೆಗೆದು, ಆಧಾರ್ ಮೂಲಕ ಹಣ ತೆಗೆಯುವ ಪುಟ್ಟ ಯಂತ್ರಕ್ಕೆ ಒತ್ತಿದರೆ ಸಾಕಾಗಿತ್ತು. ಹಳ್ಳಿಯಲ್ಲಿ ಪಿಂಚಣಿ ಕೊಡಲು ಬಳಸುವ ಯಂತ್ರ ಅದೇ.

ಶಾನುಭೋಗರ ಕಾಲದಿಂದ ನಾವು ಹೆಬ್ಬೆಟ್ಟು ಒತ್ತುತ್ತಲೇ ಬಂದಿದ್ದೇವೆ. ಆಗ ಅದು ಸಹಿ. ಈಗ ಅದೇ ಕೀಲಿಕೈ. ಕಾಗದದ ಮೇಲೆ ಒತ್ತಿ ಬರುವುದೆಂದರೆ ಕೀಲಿಕೈಯ ಅಚ್ಚು ಕೊಟ್ಟು ಬಂದ ಹಾಗೆ. ಆ ಕಾಗದವನ್ನು ಸ್ಕ್ಯಾನ್ ಮಾಡಿ ಮನೆ ಕಂಪ್ಯೂಟರಿನಲ್ಲಿ ಬೀಗವಿಲ್ಲದೆ ಇಡುವುದು ಅದಕ್ಕಿಂತ ದೊಡ್ಡ ತಪ್ಪು. ನಮ್ಮ ಮಾವ ಇಟ್ಟದ್ದು ಅದನ್ನೇ, ಅದೂ ತನ್ನದಲ್ಲ, ಬೇರೆಯವರದು.

ಮಾವನ ಮನೆಯಲ್ಲಿ ಈಗ

ಕಂಪ್ಯೂಟರ್ ಪರೀಕ್ಷಿಸಿದವರು ಎರಡು ಬಾಗಿಲು ತೆರೆದಿದ್ದದ್ದನ್ನು ತೋರಿಸಿದರು. ಒಂದು, ವರ್ಷಗಟ್ಟಲೆ ಅಪ್‌ಡೇಟ್ ಆಗದ ವಿಂಡೋಸ್. ಇನ್ನೊಂದು, ಲಾಕ್‌ಡೌನ್ ಹೊತ್ತಿನಲ್ಲಿ ದೂರದಿಂದಲೇ ರಿಪೇರಿ ಮಾಡಲು ಒಬ್ಬರು ಹಾಕಿ ಹಾಗೇ ಬಿಟ್ಟುಹೋಗಿದ್ದ ಆ್ಯಪ್, ಅದಕ್ಕೆ ಸುಲಭದ ಪಾಸ್‌ವರ್ಡ್. ಮಾವ ದುಡ್ಡು ಕಳಿಸಲಿಲ್ಲ. ಹಳೇ ಡಿಸ್ಕ್ ಅಳಿಸಿ ಹೊಸದಾಗಿ ಶುರು ಮಾಡಿದರು. ನಾವು ಕೂತು ಮಾಡಿದ್ದನ್ನು ಹೇಳುತ್ತೇನೆ, ನಿಮ್ಮ ಮನೆಯಲ್ಲೂ ಒಂದು ಭಾನುವಾರ ಸಾಕು.

ಮೊದಲು ಡಬ್ಬ. ಕಂಪ್ಯೂಟರಿನ ಬ್ರೌಸರಿನಲ್ಲಿ 192.168.1.1 ಎಂದು ಹಾಕಿದರೆ ಸಾಮಾನ್ಯವಾಗಿ ಅದರ ಪುಟ ಬರುತ್ತದೆ. ಬೇರೆ ಸಂಖ್ಯೆಯಿದ್ದರೆ ಡಬ್ಬದ ತಳದ ಚೀಟಿಯಲ್ಲಿ ಬರೆದಿರುತ್ತದೆ. ಅಡ್ಮಿನ್ ಪಾಸ್‌ವರ್ಡ್ ಬದಲಿಸಿ. ಹೊರಗಿನಿಂದ ನಿರ್ವಹಿಸುವ ಸೌಲಭ್ಯ, ಅಂದರೆ ರಿಮೋಟ್ ಮ್ಯಾನೇಜ್‌ಮೆಂಟ್, ಮತ್ತು ಡಬ್ಲ್ಯೂಪಿಎಸ್ ಎರಡನ್ನೂ ಆಫ್ ಮಾಡಿ. ವೈಫೈಗೆ ಡಬ್ಲ್ಯೂಪಿಎ2 ಅಥವಾ 3 ಇಟ್ಟು, ಉದ್ದದ ಪಾಸ್‌ವರ್ಡ್ ಹಾಕಿ. ನಾಲ್ಕು ಸಂಬಂಧವಿಲ್ಲದ ಪದ ಸೇರಿಸಿದರೆ ನೆನಪೂ ಉಳಿಯುತ್ತದೆ, ಊಹಿಸುವುದೂ ಕಷ್ಟ. ಊರಿನ ಹೆಸರು, ಮಗಳ ಹುಟ್ಟಿದ ದಿನ ಬೇಡ.

ಎರಡನೆಯದು ವಿಂಡೋಸ್. ವಿಂಡೋಸ್ 7ಕ್ಕೆ 2020ರ ಜನವರಿಯಲ್ಲಿ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ ಮುಗಿದಿದೆ. ಹೊಸದಕ್ಕೆ ಹೋಗಲು ಕಂಪ್ಯೂಟರ್ ತಾಳದಿದ್ದರೆ ಲಿನಕ್ಸ್ ಹಾಕಿಸಿ, ಅದು ಉಚಿತ, ಕನ್ನಡವೂ ಇದೆ. ಯಾವುದೇ ಆಗಲಿ, ಅಪ್‌ಡೇಟ್ ನಿಲ್ಲಿಸಬೇಡಿ. ದಿನದ ಕೆಲಸಕ್ಕೆ ಅಡ್ಮಿನಿಸ್ಟ್ರೇಟರ್ ಅಲ್ಲದ ಬೇರೆ ಖಾತೆ ಇಟ್ಟುಕೊಳ್ಳಿ. ಮಕ್ಕಳು ಆಟ ಇಳಿಸಿಕೊಳ್ಳಲು ಹೋಗಿ ತಂದುಕೊಳ್ಳುವ ರೋಗ ಅಲ್ಲಿಗೇ ಬಹಳ ಮಟ್ಟಿಗೆ ನಿಲ್ಲುತ್ತದೆ. ದೂರದಿಂದ ರಿಪೇರಿ ಮಾಡುವ ಆ್ಯಪ್ ಕೆಲಸ ಮುಗಿದ ತಕ್ಷಣ ತೆಗೆದುಹಾಕಿ.

ಮೂರನೆಯದು ನಕಲು. ವಾರಕ್ಕೊಮ್ಮೆ ಲೆಕ್ಕವನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿ, ಡಿಸ್ಕನ್ನು ಕಿತ್ತು ಬೀರುವಿನಲ್ಲಿಡಿ. ಚುಚ್ಚಿಟ್ಟೇ ಇದ್ದರೆ ಬೀಗ ಹಾಕುವವನು ಅದಕ್ಕೂ ಹಾಕುತ್ತಾನೆ.

ನಾಲ್ಕನೆಯದು ಬೇರೆಯವರ ಕಾಗದ. ಕೆಲಸ ಮುಗಿದ ಮೇಲೆ ಆಧಾರ್ ಪ್ರತಿ ಅಳಿಸಿ. ಕೇಳಲೇಬೇಕಾದರೆ ಮೊದಲ ಎಂಟು ಅಂಕಿ ಮುಚ್ಚಿದ ಮಾಸ್ಕ್ಡ್ ಆಧಾರ್ ಕೇಳಿ. ನಿಮ್ಮ ಬೆರಳಚ್ಚನ್ನು ಎಂಆಧಾರ್ ಆ್ಯಪಿನಲ್ಲಿ ಲಾಕ್ ಮಾಡಿಡಿ, ಬೇಕಾದಾಗ ಮಾತ್ರ ತೆರೆಯಿರಿ. ಹಣ ಹೋದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ. ಬೇಗ ಹೇಳಿದಷ್ಟೂ ಹಣ ತಡೆಯುವ ಸಾಧ್ಯತೆ ಹೆಚ್ಚು.

ಬ್ರಿಟನ್ನಿನಲ್ಲಿ 2024ರ ಏಪ್ರಿಲ್‌ನಿಂದ ಸುಲಭವಾಗಿ ಊಹಿಸಬಹುದಾದ ಪಾಸ್‌ವರ್ಡ್ ಇಟ್ಟು ಇಂಥ ಡಬ್ಬ ಮಾರುವುದೇ ಕಾನೂನುಬಾಹಿರ. ಕ್ಯಾಲಿಫೋರ್ನಿಯಾದಲ್ಲಿ 2020ರಿಂದಲೇ ಅಂಥ ನಿಯಮವಿದೆ. ಬೀಗ ಹಾಕುವ ಭಾರವನ್ನೆಲ್ಲ ಮನೆಯವರ ಮೇಲೆ ಹೊರಿಸಬಾರದು, ಮಾರುವವರೂ ಹೊರಬೇಕು. ಅದು ಸರಿಯಾದ ಮಾತು. ಆದರೆ ಅಲ್ಲಿಯ ಕಾನೂನು ಬಂದು ಅಂತರಸನಹಳ್ಳಿಯ ಹಳೇ ಡಬ್ಬದ ಪಾಸ್‌ವರ್ಡ್ ಬದಲಿಸುವುದಿಲ್ಲ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎನ್ನುವ ಗಾದೆ ನಮ್ಮ ಮನೆಗೆ ಒಮ್ಮೆ ನಿಜವಾಗಿದೆ, ಅಷ್ಟು ಸಾಕು.

ಪಾಸ್‌ವರ್ಡ್ ಬದಲಿಸುವಾಗ ಹೊಸದನ್ನು ನಾನೇ ಹಾಕಲು ಹೋದೆ. ಮಾವ ಕೀಬೋರ್ಡ್ ತಮ್ಮ ಕಡೆ ಎಳೆದುಕೊಂಡರು. "ನೀನು ಆ ಕಡೆ ತಿರುಗ್ಕೋ" ಅಂದರು. ನಾನು ತಿರುಗಿಕೊಂಡೆ. ಒಂದೊಂದೇ ಅಕ್ಷರ ಹುಡುಕಿ ಒತ್ತುವ ಸದ್ದು ಬಹಳ ಹೊತ್ತು ಕೇಳಿಸಿತು. ಅತ್ತೆ ಅಡುಗೆಮನೆಯಿಂದ ನೋಟ್‌ಬುಕ್ ತಂದರು, ಬರೆದುಕೊಳ್ಳಲಿ ಎಂದು. ಬರೆದುಕೊಂಡು ಬೀರುವಿನಲ್ಲಿಟ್ಟು ಕೀಲಿ ತಿರುಗಿಸಿದರು.

ಆಮೇಲೆ ಮಾವ ಮಂಡಿಗೆ ಬರುವ ರೈತರಿಗೆ ಒಬ್ಬೊಬ್ಬರಿಗೇ ಹೇಳಿದರು, ನಿಮ್ಮ ಕಾಗದ ನನ್ನ ಹತ್ರ ಇತ್ತು, ಹೀಗೆ ಆಗಿದೆ, ಬ್ಯಾಂಕ್ ಖಾತೆ ನೋಡ್ಕೊಳ್ತಾ ಇರಿ ಅಂತ. ಕೆಲವರು ಬೈದರು. ಆದರೂ ಮರುದಿನ ಟೊಮ್ಯಾಟೊ ಅವರ ಮಂಡಿಗೇ ಬಂತು.